ಬೆಳಕಿನಿಂದ ಅಳೆದ ಭೂಕೇಂದ್ರ: ಉಪಗ್ರಹ ಲೇಸರ್ ಮಾಪನದ ಇತಿಹಾಸ

ನೆಲದ ಮೇಲಿನ ದೂರದರ್ಶಕದಿಂದ ಉಪಗ್ರಹದವರೆಗಿನ ದೂರವನ್ನು ಬೆಳಕಿನ ಪಯಣದ ಕಾಲದಿಂದ ಅಳೆಯುವ ವಿಧಾನಕ್ಕೆ ಉಪಗ್ರಹ ಲೇಸರ್ ಮಾಪನ ಎಂದು ಹೆಸರು. ನೆಲದ ಕೇಂದ್ರವು ಅತಿ ಚಿಕ್ಕ ಲೇಸರ್ ಮಿಡಿತವೊಂದನ್ನು ಉಪಗ್ರಹದತ್ತ ಬಿಡುತ್ತದೆ. ಉಪಗ್ರಹದ ಮೈಮೇಲಿನ ಕನ್ನಡಿಗಳು ಅದನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತವೆ. ಹೋಗಿ ಬರಲು ಹಿಡಿದ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿ ಅರ್ಧ ಮಾಡಿದರೆ ದೂರ ಸಿಗುತ್ತದೆ. 1964ರಲ್ಲಿ ಅಮೆರಿಕದಲ್ಲಿ ಇದು ಶುರುವಾದಾಗ ಅಳತೆಯಲ್ಲಿ ಕೆಲವು ಮೀಟರ್‌ಗಳಷ್ಟು ತಪ್ಪು ಉಳಿಯುತ್ತಿತ್ತು. ಇಂದು ಅದು ಮಿಲಿಮೀಟರ್‌ಗಳ ಮಟ್ಟಕ್ಕೆ ಇಳಿದಿದೆ. ಭೂಮಿಯ ಮೇಲಿನ ಎಲ್ಲ ಸ್ಥಾನಗಳನ್ನೂ ಗುರುತಿಸಲು ಜಗತ್ತು ಬಳಸುವ ಅಂತಾರಾಷ್ಟ್ರೀಯ ಭೂ ನಿರ್ದೇಶ ಚೌಕಟ್ಟಿನ ಮೂಲಬಿಂದು ಭೂಮಿಯ ದ್ರವ್ಯರಾಶಿ ಕೇಂದ್ರ. ಆ ಬಿಂದುವನ್ನು ನಿಗದಿಪಡಿಸುವ ಹೊಣೆ ಈ ಶತಮಾನದ ಆರಂಭದಿಂದ ಪೂರ್ತಿಯಾಗಿ ಲೇಸರ್ ಮಾಪನದ್ದೇ ಆಗಿದೆ. ಕೈಫೋನಿನ ನಕ್ಷೆ, ಸಮುದ್ರಮಟ್ಟದ ಏರಿಕೆಯ ಲೆಕ್ಕ, ಭೂಫಲಕಗಳ ಚಲನೆಯ ಅಳತೆ ಎಲ್ಲವೂ ಕೊನೆಗೆ ಅದೇ ಬಿಂದುವಿಗೆ ಬಂದು ನಿಲ್ಲುತ್ತವೆ.

ದೇಶಕ್ಕೊಂದು ಭೂಮಿ

ಸ್ಥಾನವೊಂದನ್ನು ಅಂಕಿಗಳಲ್ಲಿ ಹೇಳಬೇಕಾದರೆ ಮೂರು ಸಂಗತಿ ಮೊದಲೇ ಗೊತ್ತಾಗಿರಬೇಕು: ಎಣಿಕೆ ಶುರುವಾಗುವ ಮೂಲಬಿಂದು, ಅಕ್ಷಗಳ ದಿಕ್ಕು ಮತ್ತು ಉದ್ದದ ಮಾನ. ಈ ಮೂರೂ ಸೇರಿದ್ದೇ ನಿರ್ದೇಶ ಚೌಕಟ್ಟು. ಉಪಗ್ರಹಗಳಿಗೆ ಮೊದಲು ಪ್ರತಿ ದೇಶವೂ ತನ್ನ ಚೌಕಟ್ಟನ್ನು ತಾನೇ ಕಟ್ಟಿಕೊಳ್ಳುತ್ತಿತ್ತು. ಭಾರತದ ಚೌಕಟ್ಟಿನ ಕೆಲಸಕ್ಕೆ ಕರ್ನಾಟಕದ ನೆಲದಲ್ಲೇ ನಾಂದಿಯಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಹತ್ತಿರ ಆಧಾರ ರೇಖೆಯೊಂದನ್ನು ಸರಪಳಿ ಹಿಡಿದು ಅಳೆದರು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದು ರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳ ಜಾಲವನ್ನು ದೇಶದ ಉದ್ದಗಲಕ್ಕೆ ಹರಡುವ ಮಹಾ ಸರ್ವೆಯನ್ನು ಕೈಗೊಂಡರು.

ಲ್ಯಾಂಬ್ಟನ್ ನಂತರ ಆ ಕೆಲಸವನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರಕ್ಕೆ ಒಂದು ದೀರ್ಘವೃತ್ತಗೋಳವನ್ನು ಲೆಕ್ಕ ಹಾಕಿ ಕೊಟ್ಟರು. ಭಾರತೀಯ ಸರ್ವೇಕ್ಷಣೆಯ ನಕ್ಷೆಗಳು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಆ ಗೋಳವನ್ನು ನಂಬಿದವು; ಈಗಿನ ಮಧ್ಯಪ್ರದೇಶದ ಕಲ್ಯಾಣಪುರ ಅದರ ಆಧಾರಸ್ಥಾನವಾಗಿತ್ತು. ಉತ್ತರ ಅಮೆರಿಕ ಕ್ಲಾರ್ಕ್ ಅವರ 1866ರ ಗೋಳವನ್ನು ಹಿಡಿದು, ಕ್ಯಾನ್ಸಸ್ ರಾಜ್ಯದ ಮೀಡ್ಸ್ ರ‍್ಯಾಂಚ್ ಎಂಬಲ್ಲಿ ತನ್ನ ಆಧಾರವನ್ನು ನೆಟ್ಟಿತು. ಪ್ರತಿಯೊಂದು ಗೋಳವೂ ತನ್ನ ನೆಲಕ್ಕೆ ಚೆನ್ನಾಗಿ ಹೊಂದುತ್ತಿತ್ತು. ಆದರೆ ಅವುಗಳ ಕೇಂದ್ರಗಳು ಭೂಮಿಯ ನಿಜವಾದ ಕೇಂದ್ರದಲ್ಲಿ ಇರಲಿಲ್ಲ. ಎವರೆಸ್ಟ್ ಗೋಳದ ಕೇಂದ್ರ ಅಲ್ಲಿಂದ ನೂರಾರು ಮೀಟರ್ ಆಚೆಗಿತ್ತು ಎಂಬುದು ಉಪಗ್ರಹಗಳ ಕಾಲದಲ್ಲಿ ಸ್ಪಷ್ಟವಾಯಿತು. ತ್ರಿಕೋನ ಜಾಲ ಸಾಗರವನ್ನು ದಾಟಲಾರದು. ಆದ್ದರಿಂದ ಒಂದು ಖಂಡದ ಚೌಕಟ್ಟಿಗೂ ಇನ್ನೊಂದರದಕ್ಕೂ ನಂಟು ಬೆಸೆಯುವ ದಾರಿ ಇರಲಿಲ್ಲ.

ಅಕ್ಷದ ವಿಷಯದಲ್ಲೂ ತೊಡಕಿತ್ತು. ಭೂಮಿಯ ಆವರ್ತನಾಕ್ಷ ನೆಲಕ್ಕೆ ಹೋಲಿಸಿದರೆ ಒಂದೇ ಕಡೆ ನಿಲ್ಲುವುದಿಲ್ಲ, ಧ್ರುವಬಿಂದು ಕೆಲವು ಮೀಟರ್‌ಗಳ ಸುತ್ತಳತೆಯಲ್ಲಿ ಅಲೆಯುತ್ತದೆ ಎಂದು ಅಮೆರಿಕದ ಸೆತ್ ಚಾಂಡ್ಲರ್ 1891ರಲ್ಲಿ ತೋರಿಸಿದರು. ಆ ಅಲೆದಾಟದ ಲೆಕ್ಕವಿಡಲು 1899ರಲ್ಲಿ ಅಂತಾರಾಷ್ಟ್ರೀಯ ಅಕ್ಷಾಂಶ ಸೇವೆ ಹುಟ್ಟಿತು. ಜಪಾನಿನ ಮಿಜುಸಾವಾ, ಇಟಲಿಯ ಕಾರ್ಲೊಫೋರ್ಟೆ, ಅಮೆರಿಕದ ಗೇತರ್ಸ್‌ಬರ್ಗ್ ಮತ್ತು ಯೂಕಾಯಾ ಮುಂತಾದ ಕೇಂದ್ರಗಳನ್ನು ಒಂದೇ ಅಕ್ಷಾಂಶದ ಮೇಲೆ ಸ್ಥಾಪಿಸಲಾಯಿತು. ಅಲ್ಲಿನ ವೀಕ್ಷಕರು ಎಲ್ಲ ಕಡೆಯೂ ಅವೇ ನಕ್ಷತ್ರಗಳನ್ನು ರಾತ್ರಿಯಿಂದ ರಾತ್ರಿಗೆ ನೋಡಿ ದಾಖಲಿಸಿದರು. ಹಲವು ದೇಶಗಳು ಕೂಡಿ ಭೂಮಿಯನ್ನು ಎಡೆಬಿಡದೆ ಅಳೆಯುವ ಪರಿಪಾಠ ಅಲ್ಲಿಂದ ಬೇರೂರಿತು.

ಉಪಗ್ರಹ ತೋರಿಸಿದ ದಾರಿ

1957ರ ಅಕ್ಟೋಬರ್‌ನಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ ಭೂಮಾಪಕರಿಗೆ ಹೊಸ ಆಸರೆ ಸಿಕ್ಕಿತು. ಯಾವ ದೇಶ ಹಾರಿಸಿದ ಉಪಗ್ರಹವಾದರೂ ಸುತ್ತುವುದು ಭೂಮಿಯ ದ್ರವ್ಯರಾಶಿ ಕೇಂದ್ರವನ್ನೇ. ನೆಲ, ಸಾಗರ, ವಾಯುಮಂಡಲ, ಹಿಮ ಎಲ್ಲದರ ತೂಕವೂ ಸೇರಿ ಆ ಕೇಂದ್ರ ಎಲ್ಲಿರಬೇಕೆಂದು ತೀರ್ಮಾನವಾಗುತ್ತದೆ. ಕಕ್ಷೆಯನ್ನು ಸರಿಯಾಗಿ ಅಳೆದರೆ, ಯಾರ ಕಣ್ಣಿಗೂ ಕಾಣದ, ಯಾರೂ ಮುಟ್ಟಲಾಗದ ಆ ಬಿಂದು ತಾನಾಗಿ ಲೆಕ್ಕಕ್ಕೆ ಸಿಗುತ್ತದೆ. ಖಂಡಗಳ ನಡುವಣ ಸಾಗರವೂ ಅಡ್ಡಿಯಾಗುವುದಿಲ್ಲ.

ಮೊದಲು ಕೆಲಸಕ್ಕೆ ಬಂದದ್ದು ಛಾಯಾಚಿತ್ರಗಳು. ಅಮೆರಿಕದ ಸ್ಮಿತ್‌ಸೋನಿಯನ್ ಖಭೌತ ವೀಕ್ಷಣಾಲಯ 12 ಬೇಕರ್-ನನ್ ಕ್ಯಾಮೆರಾಗಳನ್ನು ಜಗತ್ತಿನ ನಾನಾ ಕಡೆ ಇರಿಸಿತು. ಅವುಗಳಲ್ಲಿ ಒಂದು ಭಾರತದ ನೈನಿತಾಲ್‌ನಲ್ಲಿತ್ತು. ನಕ್ಷತ್ರಗಳ ಹಿನ್ನೆಲೆಯಲ್ಲಿ ಉಪಗ್ರಹದ ಚಿತ್ರ ತೆಗೆದರೆ ಅದು ಯಾವ ದಿಕ್ಕಿನಲ್ಲಿದೆ ಎಂದು ತಿಳಿಯುತ್ತಿತ್ತು. ಈ ಚಿತ್ರಗಳಿಂದ ಆ ಸಂಸ್ಥೆ 1966ರಲ್ಲಿ ಇಡೀ ಭೂಮಿಗೆ ಅನ್ವಯಿಸುವ ಮೊದಲ 'ಸ್ಟ್ಯಾಂಡರ್ಡ್ ಅರ್ತ್' ಮಾದರಿಯನ್ನು ಹೊರತಂದಿತು. ಆದರೆ ಚಿತ್ರ ಹೇಳುವುದು ದಿಕ್ಕನ್ನು ಮಾತ್ರ, ದೂರವನ್ನಲ್ಲ. ದಿಕ್ಕಿನಲ್ಲಾಗುವ ಚೂರು ತಪ್ಪು ಸಾವಿರಾರು ಕಿಲೋಮೀಟರ್ ದೂರದಲ್ಲಿ ಹತ್ತಾರು ಮೀಟರ್‌ಗಳಾಗಿ ಬೆಳೆಯುತ್ತಿತ್ತು. ದೂರವನ್ನೇ ನೇರವಾಗಿ ಅಳೆಯುವ ಸಾಧನ ಬೇಕಿತ್ತು.

1964ರ ಅಕ್ಟೋಬರ್

1960ರ ಮೇ ತಿಂಗಳಲ್ಲಿ ಥಿಯೋಡರ್ ಮೈಮನ್ ಕ್ಯಾಲಿಫೋರ್ನಿಯದ ಹ್ಯೂಸ್ ಸಂಶೋಧನಾಲಯದಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣ ಹೊಮ್ಮಿಸಿದರು. ಸ್ವಲ್ಪ ಕಾಲದಲ್ಲೇ ಲೇಸರ್‌ನ ಶಕ್ತಿಯನ್ನು ತಡೆಹಿಡಿದು ಒಮ್ಮೆಲೇ ಬಿಡುವ ಉಪಾಯವೂ ಬಂತು. ಅದರಿಂದ ಸೆಕೆಂಡಿನ ಕೋಟಿಯ ಕೆಲವೇ ಭಾಗಗಳಷ್ಟು ಕಾಲ ಬಾಳುವ, ಆದರೆ ಅತಿ ಪ್ರಬಲವಾದ ಮಿಡಿತಗಳು ಸಾಧ್ಯವಾದವು. 1962ರ ಮೇ ತಿಂಗಳಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಲೂಯಿ ಸ್ಮುಲಿನ್ ಮತ್ತು ಜಾರ್ಜೊ ಫಿಯೊಕ್ಕೊ ಚಂದ್ರನ ಮೇಲೆ ಲೇಸರ್ ಬೀರಿ, ಅಲ್ಲಿಂದ ಚದುರಿ ಬಂದ ಬೆಳಕಿನ ಕಣಗಳನ್ನು ಹಿಡಿದರು. ಬರಿಯ ನೆಲದಿಂದ ಚದುರಿದ ಬೆಳಕು ನಿಖರ ಅಳತೆಗೆ ಸಾಲದು. ಬೆಳಕನ್ನು ಕಳಿಸಿದವರ ಕಡೆಗೇ ಮರಳಿಸುವ ಕನ್ನಡಿಗಳನ್ನು ಉಪಗ್ರಹಕ್ಕೇ ಕಟ್ಟಿ ಕಳಿಸುವ ಯೋಜನೆಯನ್ನು ನಾಸಾದ ಗಾಡರ್ಡ್ ಕೇಂದ್ರದ ಹೆನ್ರಿ ಪ್ಲಾಟ್ಕಿನ್ ಮತ್ತು ಅವರ ತಂಡ ರೂಪಿಸಿತು.

ಆ ಕನ್ನಡಿಯನ್ನು ಮೂಲೆಗನ್ನಡಿ ಎನ್ನಬಹುದು. ಕೋಣೆಯ ಮೂಲೆಯಲ್ಲಿ ಎರಡು ಗೋಡೆ ಮತ್ತು ನೆಲ ಕೂಡುವಂತೆ ಮೂರು ಸಮತಲಗಳು ಪರಸ್ಪರ ಲಂಬವಾಗಿ ಕೂಡುವ ಗಾಜಿನ ಹರಳು ಅದು. ಕೇರಂ ಹಲಗೆಯ ಮೂಲೆಯ ಬಳಿ ಎರಡೂ ಅಂಚುಗಳಿಗೆ ಬಡಿದ ಸ್ಟ್ರೈಕರ್ ಬಂದ ದಿಕ್ಕಿಗೆ ಸಮಾನಾಂತರವಾಗಿ ಹಿಂದಿರುಗುವಂತೆ, ಯಾವ ಕೋನದಿಂದ ಬಂದ ಬೆಳಕಾದರೂ ಮೂರು ಮುಖಗಳಿಗೆ ಬಡಿದು ಬಂದ ಕಡೆಗೇ ಹೊರಡುತ್ತದೆ. ಉಪಗ್ರಹ ಹೇಗೆ ತಿರುಗುತ್ತಿದ್ದರೂ ಚಿಂತೆಯಿಲ್ಲ. ಅದಕ್ಕೆ ವಿದ್ಯುತ್ತೂ ಬೇಡ, ಯಂತ್ರವೂ ಬೇಡ.

360 ಮೂಲೆಗನ್ನಡಿಗಳನ್ನು ಹೊತ್ತ ಎಕ್ಸ್‌ಪ್ಲೋರರ್-22 ಉಪಗ್ರಹ 1964ರ ಅಕ್ಟೋಬರ್ 10ರಂದು ಕಕ್ಷೆಗೆ ಏರಿತು. ಸುಮಾರು 1,000 ಕಿ.ಮೀ. ಎತ್ತರದಲ್ಲಿದ್ದ ಅದರತ್ತ ಮೇರಿಲ್ಯಾಂಡ್ ರಾಜ್ಯದ ಗ್ರೀನ್‌ಬೆಲ್ಟ್‌ನಿಂದ ಗಾಡರ್ಡ್ ತಂಡ ಮಾಣಿಕ್ಯ ಲೇಸರ್‌ನ ಕೆಂಪು ಬೆಳಕನ್ನು ಬೀರಿತು. ಅಕ್ಟೋಬರ್ 31ರಂದು ಮೊದಲ ಮರುಬೆಳಕು ಬಂದು ತಲುಪಿತು. ಉಪಗ್ರಹ ಲೇಸರ್ ಮಾಪನದ ಇತಿಹಾಸ ಆ ದಿನದಿಂದ ಶುರು. ಫ್ರಾನ್ಸ್ ತಡಮಾಡಲಿಲ್ಲ: 1965ರ ಹೊತ್ತಿಗೆ ಪ್ರೊವಾನ್ಸ್ ಪ್ರದೇಶದ ವೀಕ್ಷಣಾಲಯವೂ ಉಪಗ್ರಹಗಳಿಂದ ಮರುಬೆಳಕನ್ನು ಹಿಡಿಯಿತು; 1967ರ ಫೆಬ್ರವರಿಯಲ್ಲಿ ಮೂಲೆಗನ್ನಡಿ ಹೊತ್ತ ಡಯಾಡೆಮ್ ಉಪಗ್ರಹಗಳೆರಡನ್ನು ಆ ದೇಶ ಹಾರಿಸಿತು. ಸ್ಮಿತ್‌ಸೋನಿಯನ್ ತಂಡ ಪೆರುವಿನ ಅರೆಕಿಪಾ, ಬ್ರೆಜಿಲ್‌ನ ನಟಾಲ್, ಅರಿಜೋನದ ಮೌಂಟ್ ಹಾಪ್ಕಿನ್ಸ್ ಮೊದಲಾದೆಡೆ ಲೇಸರ್ ಕೇಂದ್ರಗಳನ್ನು ತೆರೆಯಿತು. 1969ರಲ್ಲಿ ಅಪೊಲೊ-11ರ ಯಾತ್ರಿಗಳು ಚಂದ್ರನ ಮೇಲಿಟ್ಟ 100 ಮೂಲೆಗನ್ನಡಿಗಳ ಫಲಕವೂ ಇದೇ ತಂತ್ರದ ವಿಸ್ತರಣೆ. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂ.ಮೀ.ನಷ್ಟು ದೂರ ಸರಿಯುತ್ತಿದ್ದಾನೆ ಎಂಬುದು ಅದರಿಂದಲೇ ತಿಳಿದದ್ದು.

ಭಾರವಾದ ಚೆಂಡುಗಳು

ಮೊದಲ ದಶಕದ ಉಪಗ್ರಹಗಳಲ್ಲಿ ಒಂದು ಕೊರತೆ ಇತ್ತು. ಅವು ಬೇರೆ ಕೆಲಸಗಳಿಗಾಗಿ ಕಟ್ಟಿದ, ಸೌರಫಲಕಗಳೂ ಆಂಟೆನಾಗಳೂ ಚಾಚಿಕೊಂಡ ಹಗುರ ಉಪಗ್ರಹಗಳು. ಸೂರ್ಯನ ಬೆಳಕಿನ ಒತ್ತಡ ಮತ್ತು ಎತ್ತರದಲ್ಲಿ ಅಲ್ಪಸ್ವಲ್ಪ ಉಳಿದ ಗಾಳಿಯ ತಡೆ ಅವನ್ನು ಊಹೆಗೆ ಸಿಗದಂತೆ ಅತ್ತಿತ್ತ ತಳ್ಳುತ್ತಿದ್ದವು. ಕಕ್ಷೆಯಿಂದ ಭೂಕೇಂದ್ರವನ್ನು ಕಂಡುಹಿಡಿಯಬೇಕಾದರೆ ಉಪಗ್ರಹದ ಮೇಲೆ ಗುರುತ್ವವಲ್ಲದೆ ಬೇರೆ ಬಲಗಳ ಪ್ರಭಾವ ಆದಷ್ಟು ಕಡಿಮೆ ಇರಬೇಕು. 1969ರಲ್ಲಿ ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್‌ಟೌನ್‌ನಲ್ಲಿ ಸೇರಿದ ಭೂವಿಜ್ಞಾನಿಗಳ ಸಭೆ, ಭೂಫಲಕಗಳ ಚಲನೆ ಮತ್ತು ಸಾಗರದ ಮೇಲ್ಮೈಯನ್ನು ಆಕಾಶದಿಂದಲೇ ಅಳೆಯುವ ಗುರಿಯನ್ನು ನಾಸಾದ ಮುಂದಿಟ್ಟಿತು. ಅದಕ್ಕೆ ಸೆಂಟಿಮೀಟರ್ ಮಟ್ಟದ ಅಳತೆ ಬೇಕು. ಅದಕ್ಕೆ ತಕ್ಕ ಉಪಗ್ರಹವೂ ಬೇಕು.

ಮೊದಲು ಹಾರಿದ್ದು ಫ್ರಾನ್ಸಿನ ಸ್ಟಾರ್ಲೆಟ್. 1975ರ ಫೆಬ್ರವರಿ 6ರಂದು ಕಕ್ಷೆಗೇರಿದ ಈ ಗೋಳದ ವ್ಯಾಸ 24 ಸೆಂ.ಮೀ., ತೂಕ 47 ಕಿಲೋ. ಅಷ್ಟು ಚಿಕ್ಕ ಗಾತ್ರಕ್ಕೆ ಅಷ್ಟು ತೂಕ ಬಂದದ್ದು ಅದರ ಒಡಲಿನ ಯುರೇನಿಯಂನಿಂದ. ಮೈಮೇಲೆ 60 ಮೂಲೆಗನ್ನಡಿಗಳನ್ನು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

1976ರ ಮೇ 4ರಂದು ನಾಸಾ ಕ್ಯಾಲಿಫೋರ್ನಿಯದ ವಾಂಡೆನ್‌ಬರ್ಗ್‌ನಿಂದ ಲೇಜಿಯಾಸ್ ಉಪಗ್ರಹವನ್ನು ಹಾರಿಸಿತು. 60 ಸೆಂ.ಮೀ. ವ್ಯಾಸದ ಅಲ್ಯೂಮಿನಿಯಂ ಗೋಳ, ಒಳಗೆ ಹಿತ್ತಾಳೆಯ ತಿರುಳು, ಒಟ್ಟು ತೂಕ 400 ಕಿಲೋಗಿಂತ ತುಸು ಹೆಚ್ಚು, ಮೈತುಂಬ 426 ಮೂಲೆಗನ್ನಡಿಗಳು. ಸುಮಾರು 5,900 ಕಿ.ಮೀ. ಎತ್ತರದಲ್ಲಿ ಗಾಳಿಯ ತಡೆ ಇಲ್ಲವೆನ್ನುವಷ್ಟು ಕಡಿಮೆ. ಗುರುತ್ವದ ಸಣ್ಣಪುಟ್ಟ ಏರಿಳಿತಗಳೂ ಅಷ್ಟು ಮೇಲೆ ಮಂಕಾಗುತ್ತವೆ. ಲೇಜಿಯಾಸ್ ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಷ್ಟು ಮಾತ್ರ ಕೆಳಗಿಳಿಯುತ್ತದೆ. ಗೋಳದ ಒಂದು ಬದಿ ಬಿಸಿಯಾಗಿ, ಅಲ್ಲಿಂದ ಹೊಮ್ಮುವ ಶಾಖ ಕೊಡುವ ತೀರ ಮೆಲುವಾದ ತಳ್ಳುವಿಕೆ ಇದಕ್ಕೆ ಒಂದು ಮುಖ್ಯ ಕಾರಣವೆಂದು ಮುಂದಿನ ವರ್ಷಗಳಲ್ಲಿ ತಿಳಿಯಿತು. ಅದು ಸುಮಾರು 80 ಲಕ್ಷ ವರ್ಷ ಕಕ್ಷೆಯಲ್ಲಿ ಉಳಿಯುವ ನಿರೀಕ್ಷೆ ಇದೆ. ಆದ್ದರಿಂದ ಕಾರ್ಲ್ ಸೇಗನ್ ಅವರು ರೂಪಿಸಿದ ಫಲಕವೊಂದನ್ನು ಅದರೊಳಗೆ ಇಡಲಾಗಿದೆ. ಹಿಂದಿನ, ಇಂದಿನ ಮತ್ತು ಲಕ್ಷಾಂತರ ವರ್ಷಗಳ ನಂತರದ ಖಂಡಗಳ ನಕ್ಷೆಗಳು ಅದರ ಮೇಲಿವೆ.

ಈ ಗೋಳದ ಕನ್ನಡಿಗಳನ್ನು ರೂಪಿಸುವಾಗ ಸೂಕ್ಷ್ಮವಾದ ಒಂದು ಲೆಕ್ಕ ಮಾಡಬೇಕಾಯಿತು. ಉಪಗ್ರಹ ಸೆಕೆಂಡಿಗೆ ಸುಮಾರು 5.7 ಕಿ.ಮೀ. ವೇಗದಲ್ಲಿ ಓಡುತ್ತಿರುವುದರಿಂದ, ಕರಾರುವಾಕ್ಕಾದ ಮೂಲೆಗನ್ನಡಿ ಮರಳಿಸಿದ ಬೆಳಕು ನೆಲವನ್ನು ಮುಟ್ಟುವಾಗ ಕೇಂದ್ರದಿಂದ 200 ಮೀಟರ್‌ಗೂ ಹೆಚ್ಚು ಆಚೆ ಬೀಳಬಹುದು. ಅದಕ್ಕಾಗಿ ಕನ್ನಡಿಯ ಮುಖಗಳ ನಡುವಣ ಲಂಬಕೋನವನ್ನು ಡಿಗ್ರಿಯ ಮೂರು ಸಾವಿರದಲ್ಲೊಂದು ಪಾಲಿನಷ್ಟು ಬೇಕೆಂದೇ ಬದಲಿಸಿ, ಮರಳುವ ಬೆಳಕು ತುಸು ಹರಡಿಕೊಳ್ಳುವಂತೆ ಮಾಡಲಾಯಿತು.

ಬೇರೆ ದೇಶಗಳೂ ತಮ್ಮ ಗೋಳಗಳನ್ನು ಕಳಿಸಿದವು. ಜಪಾನಿನ ಅಜಿಸಾಯ್ 1986ರಲ್ಲಿ, ಸೋವಿಯತ್ ಒಕ್ಕೂಟದ ಎರಡು ಎಟಾಲಾನ್‌ಗಳು 1989ರಲ್ಲಿ, ಫ್ರಾನ್ಸಿನ ಸ್ಟೆಲ್ಲಾ 1993ರಲ್ಲಿ ಹಾರಿದವು. ಇಟಲಿಯ ಬಾಹ್ಯಾಕಾಶ ಸಂಸ್ಥೆ ಕಟ್ಟಿದ ಲೇಜಿಯಾಸ್-2 ಗೋಳವನ್ನು 1992ರ ಅಕ್ಟೋಬರ್‌ನಲ್ಲಿ ಕೊಲಂಬಿಯಾ ಶಟಲ್ ಕೊಂಡೊಯ್ದಿತು. ಮೊದಲ ಲೇಜಿಯಾಸ್‌ನ ಕಕ್ಷೆಗಿಂತ ಬೇರೆ ಓರೆಯ ಕಕ್ಷೆಯಲ್ಲಿ ಅದು ಸುತ್ತುವುದರಿಂದ ಎರಡರ ಅಳತೆಗಳು ಒಂದನ್ನೊಂದು ಬಲಪಡಿಸುತ್ತವೆ. 2012ರ ಲಾರೆಸ್ ಟಂಗ್‌ಸ್ಟನ್ ಮಿಶ್ರಲೋಹದ ಗೋಳ, 36 ಸೆಂ.ಮೀ. ವ್ಯಾಸದಲ್ಲಿ ಸುಮಾರು 387 ಕಿಲೋ ತೂಗುತ್ತದೆ. 2022ರ ಜುಲೈನಲ್ಲಿ ಲಾರೆಸ್-2 ಲೇಜಿಯಾಸ್‌ನಷ್ಟೇ ಎತ್ತರಕ್ಕೆ ಏರಿತು.

ಮೀಟರ್‌ನಿಂದ ಮಿಲಿಮೀಟರ್‌ಗೆ

ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂ.ಮೀ. ಸಾಗುತ್ತದೆ. ಹೋಗಿ ಬರುವ ಲೆಕ್ಕದಲ್ಲಿ ಅಷ್ಟು ಕಾಲದ ತಪ್ಪು ದೂರದಲ್ಲಿ 15 ಸೆಂ.ಮೀ. ತಪ್ಪಾಗುತ್ತದೆ. ಮೊದಲ ಮಾಣಿಕ್ಯ ಲೇಸರ್‌ಗಳ ಮಿಡಿತ ಹತ್ತಾರು ನ್ಯಾನೊಸೆಕೆಂಡ್ ಉದ್ದವಿತ್ತು. 1970ರ ದಶಕದ ಕೊನೆಗೆ ನಿಯೋಡಿಮಿಯಂ ಬೆರೆಸಿದ ಹರಳಿನ ಹಸಿರು ಲೇಸರ್‌ಗಳು ಬಂದವು. ಅವುಗಳ ಮಿಡಿತ ನ್ಯಾನೊಸೆಕೆಂಡಿನ ಐದರಲ್ಲೊಂದು ಪಾಲು, ಮುಂದೆ ಇನ್ನೂ ಕಡಿಮೆ. 1970ರ ದಶಕದ ನಡುವೆ 10 ಸೆಂ.ಮೀ. ಆಸುಪಾಸಿನಲ್ಲಿದ್ದ ನಿಖರತೆ ಮುಂದಿನ ದಶಕದಲ್ಲಿ ಒಂದೆರಡು ಸೆಂಟಿಮೀಟರ್‌ಗೆ ಬಂತು. ಒಂದೇ ಒಂದು ಬೆಳಕಿನ ಕಣವನ್ನು ಗುರುತಿಸುವ ಪತ್ತೆಕಾರಕಗಳು ಬಂದ ಮೇಲೆ ಶಕ್ತಿಶಾಲಿ ಮಿಡಿತಗಳ ಅಗತ್ಯವೂ ತಗ್ಗಿತು. 2003ರಲ್ಲಿ ಆಸ್ಟ್ರಿಯದ ಗ್ರಾಜ್ ಕೇಂದ್ರ ಸೆಕೆಂಡಿಗೆ ಸಾವಿರಾರು ಸಣ್ಣ ಮಿಡಿತಗಳನ್ನು ಬಿಡುವ ಪದ್ಧತಿಯನ್ನು ರೂಢಿಗೆ ತಂದಿತು.

ಅಳತೆಯಲ್ಲಿ ಬೆರೆಯುವ ದೊಡ್ಡ ತಪ್ಪು ಗಾಳಿಯದು. ಸಮುದ್ರಮಟ್ಟದಲ್ಲಿ ನೆತ್ತಿಯ ನೇರಕ್ಕೆ ಬಿಟ್ಟ ಬೆಳಕೂ ವಾಯುಮಂಡಲದಲ್ಲಿ ನಿಧಾನವಾಗಿ, ದೂರ ಸುಮಾರು 2.4 ಮೀಟರ್ ಹೆಚ್ಚಿದಂತೆ ತೋರುತ್ತದೆ. ರೇಡಿಯೊ ಅಲೆಗಳನ್ನು ಕಾಡುವಷ್ಟು ನೀರಾವಿ ಬೆಳಕನ್ನು ಕಾಡುವುದಿಲ್ಲ. ಹಾಗಾಗಿ ಕೇಂದ್ರದ ಬಳಿಯ ಗಾಳಿಯೊತ್ತಡ, ಉಷ್ಣಾಂಶ, ತೇವಾಂಶಗಳನ್ನು ಚೆನ್ನಾಗಿ ಅಳೆದರೆ ಈ ತಪ್ಪನ್ನು ಬಹುಮಟ್ಟಿಗೆ ಕಳೆಯಬಹುದು. 1973ರಲ್ಲಿ ಮರಿನಿ ಮತ್ತು ಮರ್ರೆ ಕೊಟ್ಟ ಸೂತ್ರ ಮೂರು ದಶಕ ಈ ಕೆಲಸಕ್ಕೆ ಬಳಕೆಯಾಯಿತು. 2004ರ ಸುಮಾರಿಗೆ ಮೆಂಡಿಸ್ ಮತ್ತು ಪಾವ್ಲಿಸ್ ಅದನ್ನು ಸುಧಾರಿಸಿದರು.

ಖಂಡಗಳ ನಡಿಗೆ

ಸೆಂಟಿಮೀಟರ್ ಮಟ್ಟದ ಅಳತೆ ಕೈಗೆ ಬಂದಾಗ ಖಂಡಗಳ ಚಲನೆಯನ್ನು ನೇರವಾಗಿ ಕಾಣುವ ಕಾಲ ಬಂತು. 1972ರಲ್ಲೇ ನಾಸಾ ಕ್ಯಾಲಿಫೋರ್ನಿಯದಲ್ಲಿ ಸ್ಯಾನ್ ಆಂಡ್ರಿಯಾಸ್ ಬಿರುಕಿನ ಎರಡು ಬದಿಗಳಲ್ಲಿ, ಸುಮಾರು 900 ಕಿ.ಮೀ. ಅಂತರದ ಓಟೇ ಮೌಂಟನ್ ಮತ್ತು ಕ್ವಿನ್ಸಿಗಳಲ್ಲಿ, ಲೇಸರ್‌ಗಳನ್ನಿರಿಸಿ ಪ್ರಯೋಗ ಆರಂಭಿಸಿತ್ತು. 1979ರಿಂದ 1991ರವರೆಗೆ ನಡೆದ ಭೂಕವಚ ಚಲನಶೀಲತಾ ಯೋಜನೆ ಈ ಕೆಲಸವನ್ನು ಜಗತ್ತಿನಾದ್ಯಂತ ಹರಡಿತು. ವಾಹನದ ಮೇಲೆ ಕಟ್ಟಿದ ಸಂಚಾರಿ ಲೇಸರ್ ಕೇಂದ್ರಗಳು ಊರಿಂದೂರಿಗೆ ಸಾಗಿದವು. ಯುರೋಪಿನ ದೇಶಗಳು ಮೆಡಿಟರೇನಿಯನ್ ಸುತ್ತ ಇಂಥದೇ ಯೋಜನೆಯನ್ನು ನಡೆಸಿದವು. ಅದುವರೆಗೆ ಸಾಗರತಳದ ಬಂಡೆಗಳಲ್ಲಿ ಉಳಿದ ಕಾಂತೀಯ ಗುರುತುಗಳಿಂದ ಊಹಿಸಿದ್ದ ಲಕ್ಷಾಂತರ ವರ್ಷಗಳ ಸರಾಸರಿ ವೇಗವೂ ಕೆಲವೇ ವರ್ಷಗಳಲ್ಲಿ ಲೇಸರ್ ಅಳೆದ ವೇಗವೂ ಬಹುಮಟ್ಟಿಗೆ ಒಂದಕ್ಕೊಂದು ಹೊಂದಿದವು. ಫಲಕಗಳು ಸೆಂಟಿಮೀಟರ್‌ಗಳ ಲೆಕ್ಕದಲ್ಲಿ ಇಂದಿಗೂ ನಡೆಯುತ್ತಿವೆ ಎಂಬುದಕ್ಕೆ ನೇರ ಸಾಕ್ಷ್ಯ ಸಿಕ್ಕಿತು.

ಇದರಿಂದ ಚೌಕಟ್ಟಿನ ಕಲ್ಪನೆಯೇ ಬದಲಾಯಿತು. ನೆಲವೇ ಚಲಿಸುತ್ತಿದ್ದರೆ ಕಲ್ಲು ನೆಟ್ಟು ಇದೇ ಸ್ಥಾನ ಎಂದು ಶಾಶ್ವತವಾಗಿ ಹೇಳುವಂತಿಲ್ಲ. ಪ್ರತಿ ಕೇಂದ್ರಕ್ಕೂ ಒಂದು ದಿನಾಂಕದ ಸ್ಥಾನವನ್ನೂ ವಾರ್ಷಿಕ ವೇಗವನ್ನೂ ಕೊಡಬೇಕಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಾಗತಿಕ ಜಾಲಕ್ಕೆ ಸೇರಿದ ಜಿಪಿಎಸ್ ಕೇಂದ್ರವೊಂದಿದೆ. ಭಾರತ ಫಲಕದ ಜೊತೆಗೆ ಅದರ ಸ್ಥಾನವೂ ವರ್ಷಕ್ಕೆ ಸುಮಾರು 5 ಸೆಂ.ಮೀ.ನಂತೆ ಈಶಾನ್ಯದತ್ತ ಸರಿಯುತ್ತಿದೆ.

ಚೌಕಟ್ಟು ಕಟ್ಟಿದ ಬಗೆ

1980ರ ದಶಕದಲ್ಲಿ ಭೂಮಿಯ ಆವರ್ತನವನ್ನು ಅಳೆಯುವ ಹಳೆಯ ಮತ್ತು ಹೊಸ ವಿಧಾನಗಳನ್ನು ಪಕ್ಕಪಕ್ಕ ಇಟ್ಟು ನೋಡಲು 'ಮೆರಿಟ್' ಎಂಬ ಅಂತಾರಾಷ್ಟ್ರೀಯ ಯೋಜನೆ ನಡೆಯಿತು. 1980ರಲ್ಲಿ ಕಿರು ಅಭಿಯಾನ, 1983–84ರಲ್ಲಿ ಮುಖ್ಯ ಅಭಿಯಾನ. ಲೇಸರ್ ಮಾಪನವೂ, ದೂರದ ಕ್ವೇಸಾರ್‌ಗಳ ರೇಡಿಯೊ ಅಲೆಗಳನ್ನು ಖಂಡಾಂತರದ ಆಂಟೆನಾಗಳಿಂದ ಹಿಡಿಯುವ ವಿಎಲ್‌ಬಿಐ ವಿಧಾನವೂ ನಕ್ಷತ್ರ ವೀಕ್ಷಣೆಗಿಂತ ಬಹಳ ಮುಂದಿವೆ ಎಂದು ಅದರಿಂದ ತೀರ್ಮಾನವಾಯಿತು. 1988ರ ಜನವರಿ 1ರಂದು ಅಂತಾರಾಷ್ಟ್ರೀಯ ಭೂ ಆವರ್ತನ ಸೇವೆ ಕೆಲಸ ಆರಂಭಿಸಿ, ಹಿಂದಿನ ಸಂಸ್ಥೆಗಳ ಹೊಣೆಯನ್ನು ವಹಿಸಿಕೊಂಡಿತು. ಅದರ ಪರವಾಗಿ ಫ್ರಾನ್ಸಿನ ರಾಷ್ಟ್ರೀಯ ಭೂಗೋಳ ಸಂಸ್ಥೆ ಅಂತಾರಾಷ್ಟ್ರೀಯ ಭೂ ನಿರ್ದೇಶ ಚೌಕಟ್ಟನ್ನು, ಅಂದರೆ ಐಟಿಆರ್‌ಎಫ್ ಅನ್ನು, ಲೆಕ್ಕ ಹಾಕತೊಡಗಿತು. ಮೊದಲ ಆವೃತ್ತಿ ಐಟಿಆರ್‌ಎಫ್-88; ಈಚಿನದು 2022ರಲ್ಲಿ ಪ್ರಕಟವಾದ ಐಟಿಆರ್‌ಎಫ್-2020.

ಈ ಚೌಕಟ್ಟಿಗೆ ನಾಲ್ಕು ವಿಧಾನಗಳ ಅಳತೆಗಳು ಸೇರುತ್ತವೆ: ವಿಎಲ್‌ಬಿಐ, ಲೇಸರ್ ಮಾಪನ, ಜಿಪಿಎಸ್ ಮೊದಲಾದ ಪಥದರ್ಶಕ ಉಪಗ್ರಹಗಳು ಮತ್ತು ಫ್ರಾನ್ಸಿನ ಡೋರಿಸ್ ರೇಡಿಯೊ ವ್ಯವಸ್ಥೆ. ಪ್ರತಿಯೊಂದರ ಶಕ್ತಿಯೂ ಬೇರೆ. ವಿಎಲ್‌ಬಿಐ ನೋಡುವುದು ನಕ್ಷತ್ರಲೋಕದಾಚೆಯ ಬಿಂದುಗಳನ್ನು. ಭೂಮಿ ಹೇಗೆ ತಿರುಗುತ್ತಿದೆ ಎಂದು ಹೇಳುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಭೂಕೇಂದ್ರ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಜಿಪಿಎಸ್ ಉಪಗ್ರಹಗಳು ಕೇಂದ್ರವನ್ನು ಸುತ್ತುತ್ತವಾದರೂ ಅವುಗಳ ಅಗಲವಾದ ಸೌರಫಲಕಗಳ ಮೇಲೆ ಬೀಳುವ ಬೆಳಕಿನ ಒತ್ತಡ ಮತ್ತು ಗಡಿಯಾರಗಳ ಏರಿಳಿತ ಸೇರಿ ಕೇಂದ್ರದ ಗುರುತನ್ನು ಕಲಕುತ್ತವೆ. ಲೇಜಿಯಾಸ್‌ನಂಥ ಭಾರವಾದ ಗೋಳಕ್ಕೆ ಈ ತೊಂದರೆಗಳಿಲ್ಲ. 1990ರ ದಶಕದ ಆವೃತ್ತಿಗಳಲ್ಲಿ ಲೇಸರ್ ಮತ್ತು ಜಿಪಿಎಸ್ ಫಲಿತಾಂಶಗಳನ್ನು ಬೆರೆಸಿ ಮೂಲಬಿಂದುವನ್ನು ನಿಗದಿಪಡಿಸಿದ್ದೂ ಉಂಟು. ಐಟಿಆರ್‌ಎಫ್-2000ದಿಂದ ಈಚೆಗೆ ಅದು ಲೇಸರ್ ಮಾಪನವೊಂದರಿಂದಲೇ ಬರುತ್ತಿದೆ.

ಲೆಕ್ಕ ಸಾಗುವುದು ಹೀಗೆ. ಜಗತ್ತಿನ ಕೇಂದ್ರಗಳಿಂದ ಲೇಜಿಯಾಸ್ ಜೋಡಿ ಮತ್ತು ಎಟಾಲಾನ್ ಜೋಡಿಯ ದೂರಗಳನ್ನು ವಾರವಾರವೂ ಒಟ್ಟುಗೂಡಿಸಲಾಗುತ್ತದೆ. ಗುರುತ್ವದ ಮಾದರಿಯಲ್ಲಿ ಮೂಲಬಿಂದುವನ್ನು ದ್ರವ್ಯರಾಶಿ ಕೇಂದ್ರದಲ್ಲೇ ಇಟ್ಟು ಕಕ್ಷೆಯನ್ನು ಬಿಡಿಸಿದರೆ, ಕೇಂದ್ರಗಳ ಸ್ಥಾನಗಳು ಆ ಬಿಂದುವಿನಿಂದಲೇ ಎಣಿಸಿದಂತೆ ಹೊರಬರುತ್ತವೆ. ಧ್ರುವದ ಸ್ಥಾನ ಮತ್ತು ದಿನದ ಉದ್ದದ ವ್ಯತ್ಯಾಸಗಳೂ ಅದೇ ಲೆಕ್ಕದಲ್ಲಿ ಸಿಗುತ್ತವೆ. ಉದ್ದದ ಮಾನ ನಿಂತಿರುವುದು ಬೆಳಕಿನ ವೇಗ ಮತ್ತು ಭೂಮಿಯ ಗುರುತ್ವ ಸ್ಥಿರಾಂಕಗಳ ಮೇಲೆ. ಸೆಕೆಂಡಿನ ವರ್ಗಕ್ಕೆ 398600.4418 ಘನ ಕಿ.ಮೀ. ಎಂಬ ಆ ಗುರುತ್ವ ಸ್ಥಿರಾಂಕದ ಬೆಲೆಯನ್ನು ಇಷ್ಟು ಸೂಕ್ಷ್ಮವಾಗಿ ಗೊತ್ತುಮಾಡಿದ್ದೂ ಲೇಸರ್ ಮಾಪನವೇ.

ನಾಲ್ಕು ವಿಧಾನಗಳನ್ನು ಬೆಸೆಯುವ ಕೊಂಡಿಗಳು ನೆಲದಲ್ಲಿವೆ. ಜರ್ಮನಿಯ ವೆಟ್‌ಜೆಲ್, ಇಟಲಿಯ ಮತೇರಾ, ದಕ್ಷಿಣ ಆಫ್ರಿಕದ ಹಾರ್ಟೆಬೀಸ್ತೂಕ್, ಪಶ್ಚಿಮ ಆಸ್ಟ್ರೇಲಿಯದ ಯಾರಗಡಿ ಮುಂತಾದ ಕಡೆ ಹಲವು ಉಪಕರಣಗಳು ಒಂದೇ ಆವರಣದಲ್ಲಿವೆ. ಅವುಗಳ ನಡುವಣ ಅಂತರವನ್ನು ಸರ್ವೆ ಉಪಕರಣಗಳಿಂದ ಮಿಲಿಮೀಟರ್ ಮಟ್ಟಕ್ಕೆ ಅಳೆಯಬೇಕು. ಆ ಅಳತೆ ತಪ್ಪಿದರೆ ಇಡೀ ಚೌಕಟ್ಟಿನಲ್ಲಿ ಬಿರುಕು ಬೀಳುತ್ತದೆ.

ಭೂಕೇಂದ್ರಿತ ಚೌಕಟ್ಟಿನ ಒಂದು ಪರಿಣಾಮ ಲಂಡನ್ನಿನ ಗ್ರೀನಿಚ್‌ನಲ್ಲಿ ಎದ್ದು ಕಾಣುತ್ತದೆ. ಉಪಗ್ರಹ ಚೌಕಟ್ಟಿನ ಶೂನ್ಯ ರೇಖಾಂಶ, ಅಲ್ಲಿನ ವೀಕ್ಷಣಾಲಯದಲ್ಲಿ ಜಾರ್ಜ್ ಏರಿ ಅವರ ದೂರದರ್ಶಕ ಗುರುತಿಸಿದ ಹಳೆಯ ರೇಖೆಯಿಂದ 102 ಮೀಟರ್ ಪೂರ್ವಕ್ಕಿದೆ. ಹಳೆಯ ವೀಕ್ಷಕರು ನೆಚ್ಚಿದ್ದು ಸ್ಥಳೀಯ ಗುರುತ್ವದ ದಿಕ್ಕನ್ನು. ಅದು ಭೂಕೇಂದ್ರದತ್ತ ನೇರವಾಗಿ ಇರುವುದಿಲ್ಲ.

ತಪ್ಪುಗಳ ಬೆನ್ನು ಹತ್ತಿ

ಚೌಕಟ್ಟಿನ ಪ್ರತಿ ಹೊಸ ಆವೃತ್ತಿಯೂ ಹಿಂದಿನದರ ಕೊರತೆಯನ್ನು ಬಯಲಿಗೆ ತಂದಿದೆ. ಐಟಿಆರ್‌ಎಫ್-2000 ಮತ್ತು ಐಟಿಆರ್‌ಎಫ್-2005ರ ಮೂಲಬಿಂದುಗಳು ಧ್ರುವಾಕ್ಷದ ದಿಕ್ಕಿನಲ್ಲಿ ವರ್ಷಕ್ಕೆ 1.8 ಮಿ.ಮೀ. ದರದಲ್ಲಿ ಬೇರೆಯಾಗುತ್ತಿದ್ದವು. ಜಗತ್ತಿನ ಸಮುದ್ರಮಟ್ಟ ವರ್ಷಕ್ಕೆ 3 ಮಿ.ಮೀ. ಚಿಲ್ಲರೆ ಏರುತ್ತಿರುವಾಗ ಇಷ್ಟು ವ್ಯತ್ಯಾಸ ಸಣ್ಣದಲ್ಲ. ಸಮುದ್ರಮಟ್ಟವನ್ನು ಅಳೆಯುವ ಉಪಗ್ರಹದ ಕಕ್ಷೆಯೂ ಕರಾವಳಿಯ ಮಾಪಕಗಳ ಸ್ಥಾನವೂ ಇದೇ ಮೂಲಬಿಂದುವನ್ನು ಆಶ್ರಯಿಸಿವೆ. ಬಿಂದು ಸರಿದರೆ ಉತ್ತರ ಗೋಲಾರ್ಧದ ಸಾಗರ ಏರಿದಂತೆಯೂ ದಕ್ಷಿಣದ್ದು ಇಳಿದಂತೆಯೂ, ಇಲ್ಲವೇ ಅದಕ್ಕೆ ತಿರುವುಮುರುವಾಗಿಯೂ ತೋರಬಹುದು. ಕೇಂದ್ರಗಳು ಬಹುಪಾಲು ಉತ್ತರ ಗೋಲಾರ್ಧದಲ್ಲಿ ಗುಂಪುಗೂಡಿರುವುದು ಈ ದೌರ್ಬಲ್ಯಕ್ಕೆ ಮುಖ್ಯ ಕಾರಣ. ದಕ್ಷಿಣದಲ್ಲಿ ಒಂದೆರಡು ಕೇಂದ್ರ ನಿಂತರೂ ಲೆಕ್ಕದ ಸಮತೋಲ ಕೆಡುತ್ತದೆ. 2003ರ ಜನವರಿಯಲ್ಲಿ ಆಸ್ಟ್ರೇಲಿಯದ ಕ್ಯಾನ್ಬೆರಾ ಬಳಿಯ ಮೌಂಟ್ ಸ್ಟ್ರಾಮ್ಲೊ ಕೇಂದ್ರ ಕಾಳ್ಗಿಚ್ಚಿಗೆ ಸುಟ್ಟುಹೋದಾಗ ಆ ನಷ್ಟ ಇಡೀ ಜಾಲದ್ದಾಗಿತ್ತು; ಮರುವರ್ಷ ಅದನ್ನು ಮತ್ತೆ ಕಟ್ಟಲಾಯಿತು.

ಉದ್ದದ ಮಾನದಲ್ಲೂ ಜಗ್ಗಾಟವಿತ್ತು. ಐಟಿಆರ್‌ಎಫ್-2014ರಲ್ಲಿ ಲೇಸರ್ ಕೊಟ್ಟ ಮಾನಕ್ಕೂ ವಿಎಲ್‌ಬಿಐ ಕೊಟ್ಟ ಮಾನಕ್ಕೂ ನೂರು ಕೋಟಿಯಲ್ಲಿ 1.37 ಭಾಗದಷ್ಟು ವ್ಯತ್ಯಾಸ ಕಂಡಿತು. ಭೂಮಿಯ ಮೇಲ್ಮೈಯಲ್ಲಿ ಅದು ಸುಮಾರು 9 ಮಿ.ಮೀ. ಎತ್ತರಕ್ಕೆ ಸಮ. ಕಾರಣ ಹುಡುಕಿದಾಗ ಪ್ರತಿ ಕೇಂದ್ರದ ಅಳತೆಯಲ್ಲಿ ಅಡಗಿದ್ದ ಚಿಕ್ಕ, ಖಾಯಂ ತಪ್ಪುಗಳು ಕಂಡವು. ಲೇಜಿಯಾಸ್‌ನ ಮೈಯಿಂದ ಮರಳುವ ಬೆಳಕನ್ನು ಗೋಳದ ನಡುಬಿಂದುವಿಗೆ ಒಯ್ಯಲು ಸುಮಾರು 25 ಸೆಂ.ಮೀ. ಕೂಡಿಸಬೇಕು. ಅದರ ಕರಾರುವಾಕ್ಕಾದ ಬೆಲೆ ಕೇಂದ್ರದ ಲೇಸರ್ ಮತ್ತು ಪತ್ತೆಕಾರಕದ ಗುಣದ ಮೇಲೆ ಕೆಲವು ಮಿಲಿಮೀಟರ್ ಹೆಚ್ಚುಕಡಿಮೆಯಾಗುತ್ತದೆ. ಕೇಂದ್ರಗಳ ಇಂಥ ತಪ್ಪುಗಳನ್ನು ಒಂದೊಂದಾಗಿ ಅಂದಾಜಿಸಿ ಕಳೆದ ಮೇಲೆ ಐಟಿಆರ್‌ಎಫ್-2020ರ ಹೊತ್ತಿಗೆ ಆ ವ್ಯತ್ಯಾಸ ಬಹಳ ಕುಗ್ಗಿತು.

ಭೂಮಿಯ ನಡವಳಿಕೆಯೂ ಲೆಕ್ಕಕ್ಕೆ ಬರಬೇಕು. ಮಳೆ, ಹಿಮ, ಸಾಗರ ಮತ್ತು ಗಾಳಿಯ ತೂಕ ಋತುವಿನಿಂದ ಋತುವಿಗೆ ಸ್ಥಳ ಬದಲಿಸುವುದರಿಂದ ದ್ರವ್ಯರಾಶಿ ಕೇಂದ್ರವು ನೆಲದ ಕವಚಕ್ಕೆ ಹೋಲಿಸಿದರೆ ವರ್ಷದಲ್ಲಿ ಕೆಲವು ಮಿಲಿಮೀಟರ್ ಅತ್ತಿತ್ತ ತೂಗುತ್ತದೆ. ಲೇಸರ್ ಈ ತೂಗಾಟವನ್ನೂ ಅಳೆಯುತ್ತದೆ. ಇನ್ನೊಂದೆಡೆ, ಮೋಡ ಕವಿದಾಗ ಲೇಸರ್ ಕೆಲಸ ಮಾಡದು. ಆಕಾಶ ಶುಭ್ರವಾಗಿರುವ ದಿನಗಳಲ್ಲಿ ಗಾಳಿಯೊತ್ತಡ ಸಾಮಾನ್ಯವಾಗಿ ಹೆಚ್ಚಿದ್ದು, ನೆಲ ತುಸು ಕೆಳಗೆ ಒತ್ತಿರುತ್ತದೆ. ಅಂಥ ದಿನಗಳಲ್ಲಷ್ಟೇ ಅಳೆಯುವುದರಿಂದ ಹುಟ್ಟುವ ಈ ಪಕ್ಷಪಾತಕ್ಕೆ ಭೂಮಾಪಕರು 'ನೀಲಿಯಾಕಾಶದ ಪರಿಣಾಮ' ಎನ್ನುತ್ತಾರೆ.

ದೊರೆತ ಫಲ, ಉಳಿದ ಕೆಲಸ

ಚೌಕಟ್ಟಿನ ಜೊತೆಗೆ ಲೇಸರ್ ಮಾಪನ ಭೂಮಿಯ ಬಗ್ಗೆ ಬೇರೆ ಸಂಗತಿಗಳನ್ನೂ ಹೇಳಿದೆ. ಲೇಜಿಯಾಸ್‌ನ ಕಕ್ಷೆಯ ಸೂಕ್ಷ್ಮ ಬದಲಾವಣೆಯಿಂದ ಭೂಮಿಯ ನಡುವಿನ ಉಬ್ಬು ನಿಧಾನವಾಗಿ ಕುಗ್ಗುತ್ತಿದೆ ಎಂದು 1983ರಲ್ಲಿ ತಿಳಿಯಿತು. ಹಿಮಯುಗದ ದಪ್ಪ ಹಿಮದ ಭಾರ ಕಳೆದುಕೊಂಡ ನೆಲ ಇನ್ನೂ ಮೇಲೇಳುತ್ತಿರುವುದು ಅದಕ್ಕೆ ಕಾರಣ. ನೀರು ಮತ್ತು ಹಿಮದ ಚಲನೆಯನ್ನು ಗುರುತ್ವದ ಮೂಲಕ ಅಳೆದ ಗ್ರೇಸ್ ಉಪಗ್ರಹಗಳ ದತ್ತಾಂಶದಲ್ಲಿ ಈ ಉಬ್ಬಿನ ಬೆಲೆ ಅಷ್ಟು ನಂಬಲರ್ಹವಲ್ಲದ ಕಾರಣ ಅದನ್ನು ಲೇಸರ್ ಮಾಪನದಿಂದಲೇ ತುಂಬಿಕೊಳ್ಳಲಾಗುತ್ತದೆ. ತಿರುಗುವ ಭೂಮಿ ತನ್ನ ಸುತ್ತಲಿನ ದೇಶಕಾಲವನ್ನು ಎಳೆಯುತ್ತದೆ ಎಂಬ ಸಾಪೇಕ್ಷತಾ ಸಿದ್ಧಾಂತದ ಭವಿಷ್ಯವಾಣಿಯನ್ನು 2004ರಲ್ಲಿ ಇಗ್ನಾಜಿಯೊ ಚುಫೊಲಿನಿ ಮತ್ತು ಎರಿಕೋಸ್ ಪಾವ್ಲಿಸ್ ಎರಡು ಲೇಜಿಯಾಸ್‌ಗಳ ಕಕ್ಷೆಗಳಿಂದ ಪರೀಕ್ಷಿಸಿದರು.

ಪಥದರ್ಶಕ ಉಪಗ್ರಹಗಳಿಗೂ ಈ ಮಾಪನ ಒರೆಗಲ್ಲು. ಯುರೋಪಿನ ಗೆಲಿಲಿಯೊ, ರಷ್ಯದ ಗ್ಲೊನಾಸ್, ಚೀನಾದ ಬೈದೌ ಉಪಗ್ರಹಗಳು ಮೂಲೆಗನ್ನಡಿಗಳನ್ನು ಹೊತ್ತಿವೆ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೊ ಪಥದರ್ಶನ ಕೇಂದ್ರವಿರುವ ಭಾರತದ ನಾವಿಕ್ ವ್ಯವಸ್ಥೆಯ ಉಪಗ್ರಹಗಳಲ್ಲೂ ಅವು ಇವೆ. ಬೇರೆ ದೇಶಗಳ ಲೇಸರ್ ಕೇಂದ್ರಗಳು ಆ ಉಪಗ್ರಹಗಳ ದೂರವನ್ನು ಅಳೆದಿವೆ. ರೇಡಿಯೊ ಸಂಕೇತಗಳಿಂದ ಲೆಕ್ಕ ಹಾಕಿದ ಕಕ್ಷೆ ಸರಿಯೇ ಎಂದು ಸ್ವತಂತ್ರವಾಗಿ ತಾಳೆ ನೋಡಲು ಆ ಅಳತೆಗಳು ನೆರವಾಗುತ್ತವೆ.

1998ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಲೇಸರ್ ಮಾಪನ ಸೇವೆ ಈ ಎಲ್ಲ ಕೆಲಸವನ್ನು ಹೊಂದಿಸುತ್ತದೆ. ಸುಮಾರು 40 ಕೇಂದ್ರಗಳು ಅದರಲ್ಲಿ ಪಾಲುಗೊಂಡು ಅಳತೆಗಳನ್ನು ಎಲ್ಲರಿಗೂ ಮುಕ್ತವಾಗಿ ಕೊಡುತ್ತವೆ. ಯಾವ ಒಪ್ಪಂದವೂ ಅವನ್ನು ಕಟ್ಟಿಹಾಕಿಲ್ಲ. ಪ್ರತಿ ದೇಶ ತನ್ನ ಹಣದಿಂದ ತನ್ನ ಕೇಂದ್ರವನ್ನು ನಡೆಸುತ್ತದೆ. ಯಾವುದೇ ಒಂದು ದೇಶ ಒಂಟಿಯಾಗಿ ಇಂಥ ಚೌಕಟ್ಟನ್ನು ಕಟ್ಟಲಾರದು ಎಂಬುದನ್ನು ಮನಗಂಡ ವಿಶ್ವಸಂಸ್ಥೆಯ ಮಹಾಸಭೆ 2015ರ ಫೆಬ್ರವರಿಯಲ್ಲಿ ಜಾಗತಿಕ ಭೂಮಾಪನ ಚೌಕಟ್ಟಿನ ಕುರಿತು ನಿರ್ಣಯ ಅಂಗೀಕರಿಸಿ, ದತ್ತಾಂಶ ಹಂಚಿಕೊಳ್ಳುವಂತೆ ಮತ್ತು ಕೇಂದ್ರಗಳನ್ನು ಉಳಿಸಿ ಬೆಳೆಸುವಂತೆ ಸದಸ್ಯ ರಾಷ್ಟ್ರಗಳನ್ನು ಕೋರಿತು.

ಭೂಮಾಪಕರು ಇಟ್ಟುಕೊಂಡ ಗುರಿ ಮೂಲಬಿಂದುವಿನಲ್ಲಿ 1 ಮಿ.ಮೀ. ನಿಖರತೆ ಮತ್ತು ವರ್ಷಕ್ಕೆ 0.1 ಮಿ.ಮೀ. ಸ್ಥಿರತೆ. ಅದು ಇನ್ನೂ ಕೈಗೂಡಿಲ್ಲ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯಲ್ಲಿ 2022ರಲ್ಲಿ ಒಪ್ಪಿಗೆ ಪಡೆದ ಜೆನೆಸಿಸ್ ಯೋಜನೆ ನಾಲ್ಕೂ ವಿಧಾನಗಳ ಉಪಕರಣಗಳನ್ನು ಒಂದೇ ಉಪಗ್ರಹದಲ್ಲಿ ಕೂಡಿಸಲಿದೆ. ಆಗ ನೆಲದ ಕೊಂಡಿಗಳ ಜೊತೆಗೆ ಕಕ್ಷೆಯಲ್ಲೂ ಒಂದು ಕೊಂಡಿ ಸಿಗುತ್ತದೆ. ಹಳೆಯ ಕೇಂದ್ರಗಳ ಜಾಗದಲ್ಲಿ ಹೊಸ ಪೀಳಿಗೆಯ ಸ್ವಯಂಚಾಲಿತ ಕೇಂದ್ರಗಳು ಬರುತ್ತಿವೆ. ದಕ್ಷಿಣ ಗೋಲಾರ್ಧದಲ್ಲಿ ಕೇಂದ್ರಗಳನ್ನು ಹೆಚ್ಚಿಸುವುದು ಇವೆಲ್ಲಕ್ಕಿಂತ ಮುಖ್ಯವಾದ ಕೆಲಸ. ಕಕ್ಷೆಯಲ್ಲಿರುವ ಗೋಳಗಳಿಗೆ ದುರಸ್ತಿಯೂ ಬೇಡ, ಇಂಧನವೂ ಬೇಡ. ಅವುಗಳಿಂದ ಭೂಕೇಂದ್ರದ ಸ್ಥಾನ ಸಿಗಬೇಕಾದರೆ ನೆಲದ ಕೇಂದ್ರಗಳು ದಶಕಗಟ್ಟಲೆ ಅಳತೆಯ ಸರಣಿಯನ್ನು ಕಡಿಯದಂತೆ ಕಾಯ್ದುಕೊಳ್ಳಬೇಕು. ಸಮುದ್ರಮಟ್ಟದ ಏರಿಕೆಯಂಥ ನಿಧಾನದ ಬದಲಾವಣೆಯನ್ನು ಕಾಣಲು ಆ ಉದ್ದನೆಯ ಸರಣಿಯೊಂದೇ ಆಧಾರ.